ಚೈಲ್ಡ್ ಬೆನಿಫಿಟ್ ಕೇಳದ ತಾಯಿಯ ಪೆನ್ಷನ್ ವರ್ಷಗಳು

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 43. 2010ರ ಫೆಬ್ರುವರಿಯಲ್ಲಿ ಯಜಮಾನರ ಕೆಲಸದ ವೀಸಾದ ಮೇಲೆ ಅವಲಂಬಿತಳಾಗಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆ. 2015ರ ಮಾರ್ಚ್‌ನಲ್ಲಿ ನಮ್ಮಿಬ್ಬರಿಗೂ ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಸಿಕ್ಕಿತು. ಮಗ 2013ರ ಆಗಸ್ಟ್‌ನಲ್ಲಿ, ಮಗಳು 2017ರ ನವೆಂಬರ್‌ನಲ್ಲಿ ಹುಟ್ಟಿದರು. ಐಎಲ್‌ಆರ್ ಬರುವ ಹೊತ್ತಿಗೆ ಯಜಮಾನರ ಸಂಬಳ 60,000 ಪೌಂಡ್ ದಾಟಿದ್ದರಿಂದ, ಚೈಲ್ಡ್ ಬೆನಿಫಿಟ್ (ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ಭತ್ಯೆ) ತೆಗೆದುಕೊಂಡರೂ ಅಷ್ಟನ್ನೂ ತೆರಿಗೆಯಾಗಿ ವಾಪಸ್ ಕಟ್ಟಬೇಕು ಎಂದು ಸ್ನೇಹಿತರು ಹೇಳಿದರು. ನಾವು ಅರ್ಜಿಯನ್ನೇ ಹಾಕಲಿಲ್ಲ. ಈಗ ಅವರ ಆದಾಯ 74,000 ಪೌಂಡ್. 2022ರಿಂದ ನಾನು ಶಾಲೆಯೊಂದರಲ್ಲಿ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದು, ವರ್ಷಕ್ಕೆ ಸುಮಾರು 5,000 ಪೌಂಡ್ ಬರುತ್ತದೆ. ಕಳೆದ ತಿಂಗಳು ನನ್ನ ನ್ಯಾಷನಲ್ ಇನ್ಶೂರೆನ್ಸ್ (ಪೆನ್ಷನ್ನಿಗೆ ಆಧಾರವಾಗುವ ವಂತಿಗೆ) ದಾಖಲೆ ತೆರೆದು ನೋಡಿದರೆ ಒಂದು ವರ್ಷವೂ ಪೂರ್ಣವಾಗಿಲ್ಲ. ಮಕ್ಕಳನ್ನು ಬೆಳೆಸಿದ ವರ್ಷಗಳಿಗೆ ಪೆನ್ಷನ್ ಕ್ರೆಡಿಟ್ ಸಿಗುತ್ತದೆ ಎಂದು ಕೇಳಿದ್ದೇನೆ. ನನಗೆ ಅದು ತಪ್ಪಿಹೋಯಿತೇ? ಬಿಟ್ಟುಹೋದ ವರ್ಷಗಳನ್ನು ಹಣ ಕಟ್ಟಿ ಕೊಳ್ಳಬೇಕೇ? ಮಗಳು ಚಿಕ್ಕವಳಿದ್ದಾಗ ಅತ್ತೆಯವರು ಬಂದು ಆರು ತಿಂಗಳು ನೋಡಿಕೊಂಡಿದ್ದರು, ಅದಕ್ಕೇನಾದರೂ ಲೆಕ್ಕವಿದೆಯೇ? ಇಲ್ಲಿನ ಹಿರಿಯ ಕನ್ನಡಿತಿಯೊಬ್ಬರಿಗೆ ಇಂಥದೇ ವಿಷಯವಾಗಿ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಪತ್ರ ಬಂದಿದೆಯಂತೆ. ಅದು ನನಗೂ ಅನ್ವಯಿಸುತ್ತದೆಯೇ?

ಉತ್ತರ: ಪೂರ್ತಿ ತಪ್ಪಿಹೋಗಿಲ್ಲ. ಆದರೆ ನೀವು ಮಾಡಬೇಕಾದ ಕೆಲಸ ಎರಡಿವೆ, ಅವುಗಳಲ್ಲಿ ಒಂದನ್ನು ಈ ವಾರವೇ ಮಾಡಬೇಕು. ನಿಮ್ಮ ಮಗಳಿಗೆ ಈಗ ಎಂಟು ವರ್ಷ. ಅವಳಿಗಾಗಿ ಚೈಲ್ಡ್ ಬೆನಿಫಿಟ್ ಅರ್ಜಿಯನ್ನು ನೀವೇ, ನಿಮ್ಮದೇ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟು, ತಡಮಾಡದೆ ಹಾಕಿ. ಹಿಂದಿನ ವರ್ಷಗಳ ವಿಷಯ ಎರಡನೆಯದು. ಅದಕ್ಕೆ ಬೇರೆ ದಾರಿಯಿದೆ.

ಮೊದಲು ಒಂದು ಪದದ ಗೊಂದಲ ತೀರಿಸಿಕೊಳ್ಳೋಣ. ಬ್ರಿಟನ್ನಿನಲ್ಲಿ ‘ಪೆನ್ಷನ್ ಕ್ರೆಡಿಟ್’ ಎಂಬ ಹೆಸರಿನಲ್ಲೇ ಬೇರೊಂದು ಸೌಲಭ್ಯವಿದೆ. ಅದು ಕಡಿಮೆ ಆದಾಯದ ವೃದ್ಧರಿಗೆ ಸಿಗುವ ನೆರವು. ನೀವು ಕೇಳುತ್ತಿರುವುದು ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್, ಅಂದರೆ ನೀವು ವಂತಿಗೆ ಕಟ್ಟದಿದ್ದರೂ ಕಟ್ಟಿದಂತೆ ನಿಮ್ಮ ಹೆಸರಿಗೆ ಬರೆದುಕೊಳ್ಳುವ ವಾರಗಳ ಲೆಕ್ಕ. ಸಹಾಯವಾಣಿಗೆ ಫೋನ್ ಮಾಡಿದಾಗ ‘ಪೆನ್ಷನ್ ಕ್ರೆಡಿಟ್’ ಎಂದು ಹೇಳಿದರೆ ಬೇರೆಯೇ ಇಲಾಖೆಗೆ ಹೋಗಿ ನಿಲ್ಲುತ್ತೀರಿ.

2016ರ ಏಪ್ರಿಲ್ 6ರಿಂದ ಜಾರಿಗೆ ಬಂದ ಹೊಸ ಸ್ಟೇಟ್ ಪೆನ್ಷನ್ನಿನ (ಸರ್ಕಾರದ ವೃದ್ಧಾಪ್ಯ ಪಿಂಚಣಿಯ) ಲೆಕ್ಕ ಹೀಗಿದೆ. ನಿಮ್ಮಂತೆ 2016ಕ್ಕೆ ಮುಂಚಿನ ದಾಖಲೆ ಏನೂ ಇಲ್ಲದವರಿಗೆ ಪೂರ್ಣ ಪೆನ್ಷನ್ ಬರಬೇಕಾದರೆ 35 ಅರ್ಹ ವರ್ಷಗಳು (ವಂತಿಗೆಯಿಂದಲೋ ಕ್ರೆಡಿಟ್‌ನಿಂದಲೋ ಪೂರ್ಣವಾದ ತೆರಿಗೆ ವರ್ಷಗಳು) ಬೇಕು. ಹತ್ತು ವರ್ಷಕ್ಕಿಂತ ಕಡಿಮೆಯಿದ್ದರೆ ಒಂದು ಪೆನ್ನಿಯೂ ಬರುವುದಿಲ್ಲ. 2025-26ರಲ್ಲಿ ಪೂರ್ಣ ದರ ವಾರಕ್ಕೆ 230.25 ಪೌಂಡ್. ಅದನ್ನು 35ರಿಂದ ಭಾಗಿಸಿದರೆ ಒಂದು ಅರ್ಹ ವರ್ಷದ ಬೆಲೆ ವಾರಕ್ಕೆ 6.58 ಪೌಂಡ್, ವರ್ಷಕ್ಕೆ ಸುಮಾರು 342 ಪೌಂಡ್, ಅದೂ ಬದುಕಿರುವವರೆಗೆ. ಹನ್ನೆರಡು ತುಂಬದ ಮಗುವಿಗೆ ಚೈಲ್ಡ್ ಬೆನಿಫಿಟ್ ಪಡೆಯುವವರ ಹೆಸರಿಗೆ ಈ ವಾರಗಳು ತಾವಾಗಿಯೇ ಜಮೆಯಾಗುತ್ತವೆ. ಪ್ರತ್ಯೇಕ ಅರ್ಜಿ ಬೇಕಿಲ್ಲ. ಮಗು ಹೆತ್ತು, ಹೊತ್ತು, ಶಾಲೆಗೆ ಕಳಿಸಿ ಕರೆತರುವ ವರ್ಷಗಳನ್ನು ಸರ್ಕಾರ ದುಡಿಮೆಯ ವರ್ಷಗಳೆಂದೇ ಎಣಿಸುತ್ತದೆ, ಆದರೆ ಅದಕ್ಕೆ ಸಾಕ್ಷಿಯಾಗಿ ನೋಡುವುದು ಚೈಲ್ಡ್ ಬೆನಿಫಿಟ್ ಕಡತವೊಂದನ್ನೇ. ಕಡತವೇ ಇಲ್ಲದ ತಾಯಿ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ಆಗಿರುವುದು ಇದೇ.

ಇದರಲ್ಲಿ ನಿಮ್ಮ ತಪ್ಪಿಗಿಂತ ವ್ಯವಸ್ಥೆಯ ತಪ್ಪು ದೊಡ್ಡದು ಎಂದು ನಾನು ನಂಬಿದ್ದೇನೆ. 2013ರ ಜನವರಿ 7ರವರೆಗೆ ಚೈಲ್ಡ್ ಬೆನಿಫಿಟ್‌ಗೆ ಆದಾಯದ ಮಿತಿಯೇ ಇರಲಿಲ್ಲ. ಅಂದು, ಜಾರ್ಜ್ ಆಸ್ಬರ್ನ್ ಹಣಕಾಸು ಸಚಿವರಾಗಿದ್ದಾಗ, ಹೆಚ್ಚಿನ ಆದಾಯದವರ ಮೇಲಿನ ಶುಲ್ಕ ಜಾರಿಗೆ ಬಂತು: ತಂದೆ ತಾಯಿಯರಲ್ಲಿ ಯಾರಾದರೊಬ್ಬರ ಆದಾಯ 50,000 ಪೌಂಡ್ ದಾಟಿದರೆ ಬೆನಿಫಿಟ್‌ನ ಒಂದು ಭಾಗವನ್ನು, 60,000 ಮುಟ್ಟಿದರೆ ಪೂರ್ತಿಯನ್ನು ತೆರಿಗೆಯ ರೂಪದಲ್ಲಿ ಹಿಂದಿರುಗಿಸಬೇಕು. ಇಬ್ಬರೂ ತಲಾ 49,000 ದುಡಿಯುವ ಮನೆಗೆ ಪೂರ್ತಿ ಬೆನಿಫಿಟ್ ಉಳಿಯಿತು; ಒಬ್ಬರೇ 60,000 ದುಡಿದು ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳುವ ಮನೆಗೆ ಏನೂ ಉಳಿಯಲಿಲ್ಲ. ಸಾಫ್ಟ್‌ವೇರ್ ಕೆಲಸದ ಗಂಡ, ವೀಸಾ ಮೇಲೆ ಜೊತೆಗೆ ಬಂದ ಹೆಂಡತಿ ಇರುವ ನಮ್ಮ ಎಷ್ಟೋ ಕುಟುಂಬಗಳು ಸರಿಯಾಗಿ ಈ ಎರಡನೆಯ ಗುಂಪಿನವು. ‘ಕೊಟ್ಟು ಕಿತ್ತುಕೊಳ್ಳುವ ದುಡ್ಡು ನಮಗ್ಯಾಕೆ’ ಎಂದು ಅರ್ಜಿಯ ಗೊಡವೆಗೇ ಹೋಗದವರು ಬಹಳ ಮಂದಿ. ಅರ್ಜಿಯಲ್ಲಿ ಮಾತ್ರ ಒಂದು ಪುಟ್ಟ ಚೌಕವಿತ್ತು, ಈಗಲೂ ಇದೆ: ನಾನು ಅರ್ಹಳು, ಆದರೆ ಹಣ ಬೇಡ ಎಂದು ಗುರುತು ಹಾಕುವ ಚೌಕ. ಅಲ್ಲಿ ಗುರುತು ಹಾಕಿದವರಿಗೆ ಹಣ ಬರಲಿಲ್ಲ, ಶುಲ್ಕವೂ ಬೀಳಲಿಲ್ಲ, ಪೆನ್ಷನ್ ವರ್ಷಗಳು ಮಾತ್ರ ಸದ್ದಿಲ್ಲದೆ ಜಮೆಯಾಗುತ್ತ ಹೋದವು. ಒಂದೇ ಬೀದಿಯ ಎರಡು ಮನೆಗಳಲ್ಲಿ, ಒಂದೇ ಸಂಬಳ, ಒಂದೇ ವಯಸ್ಸಿನ ಮಕ್ಕಳಿದ್ದರೂ, ಒಬ್ಬ ತಾಯಿಗೆ ಹತ್ತು ವರ್ಷ, ಇನ್ನೊಬ್ಬಳಿಗೆ ಸೊನ್ನೆ. ಇದನ್ನು ನಾನು ದಾಖಲೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ, ಪ್ರತಿ ಸಲವೂ ನೋವಾಗುತ್ತದೆ.

ಈಗ ನಿಮ್ಮ ವರ್ಷಗಳನ್ನು ಬಿಡಿಸಿ ನೋಡೋಣ. 2010ರಿಂದ 2015ರ ಮಾರ್ಚ್‌ವರೆಗೆ ನಿಮ್ಮಿಬ್ಬರ ವೀಸಾಕ್ಕೂ ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇತ್ತು. ಚೈಲ್ಡ್ ಬೆನಿಫಿಟ್ ಆ ನೆರವುಗಳ ಪಟ್ಟಿಯಲ್ಲಿದೆ. ಆದ್ದರಿಂದ ಮಗ ಹುಟ್ಟಿದ ನಂತರದ ಮೊದಲ ಒಂದೂವರೆ ವರ್ಷಕ್ಕೆ ನೀವು ಅರ್ಹರೇ ಆಗಿರಲಿಲ್ಲ, ಆ ಅವಧಿಗೆ ಕ್ರೆಡಿಟ್ ಕೇಳಲು ಬರುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಈ ಉತ್ತರವನ್ನು ಓದಿ, ಈಗಿನ್ನೂ ಕೆಲಸದ ವೀಸಾದಲ್ಲಿರುವ ತಾಯಿಯೊಬ್ಬಳು ‘ಹಣ ಬೇಡ, ಕ್ರೆಡಿಟ್ ಮಾತ್ರ ಸಾಕು’ ಎಂದು ಅರ್ಜಿ ಹಾಕಿಬಿಟ್ಟರೆ ಮುಂದೆ ಐಎಲ್‌ಆರ್ ಹೊತ್ತಿಗೆ ಅದು ತೊಡಕಾಗಬಹುದು. ವೀಸಾದ ಮೇಲೆ ಆ ಷರತ್ತು ಇರುವವರೆಗೆ ಅರ್ಜಿ ಹಾಕಬೇಡಿ. ಷರತ್ತು ಹೋದ ದಿನ ಹಾಕಿ. ದಂಪತಿಯಲ್ಲಿ ಒಬ್ಬರು ಬ್ರಿಟಿಷ್ ಪೌರರೋ ಐಎಲ್‌ಆರ್ ಇರುವವರೋ ಆಗಿದ್ದರೆ ವಿಷಯ ಬೇರೆ. ಅಂಥವರು ಮೊದಲು ವಲಸೆ ಕಾನೂನು ಬಲ್ಲವರನ್ನು ಕೇಳಿ ಮುಂದುವರಿಯಬೇಕು.

2015-16ರಿಂದ 2024-25ರವರೆಗಿನ ಹತ್ತು ತೆರಿಗೆ ವರ್ಷಗಳು ನಿಮ್ಮ ಪ್ರಶ್ನೆಯ ತಿರುಳು. ಈ ಹತ್ತರಲ್ಲೂ ನೀವು ಬೆನಿಫಿಟ್‌ಗೆ ಅರ್ಹರಾಗಿದ್ದಿರಿ, ಮನೆಯಲ್ಲಿ ಹನ್ನೆರಡು ತುಂಬದ ಮಗುವಿತ್ತು, ಪತಿಯ ಆದಾಯ ಮಿತಿ ದಾಟಿತ್ತು. ಚೈಲ್ಡ್ ಬೆನಿಫಿಟ್ ಅರ್ಜಿಯನ್ನು ಮೂರು ತಿಂಗಳಿಗಿಂತ ಹಿಂದಕ್ಕೆ ಅನ್ವಯಿಸಲು ಬರುವುದಿಲ್ಲವಾದ್ದರಿಂದ, ಇಲ್ಲಿಯವರೆಗೆ ಈ ವರ್ಷಗಳನ್ನು ಹಿಡಿಯಲು ದಾರಿಯೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ಸರ್ಕಾರ ಈ ಅನ್ಯಾಯವನ್ನು ಒಪ್ಪಿಕೊಂಡು, ಬೆನಿಫಿಟ್ ಕೇಳದೆ ಬಿಟ್ಟ ತಂದೆ ತಾಯಿಯರು ಹಿಂದಿನ ವರ್ಷಗಳ ಕ್ರೆಡಿಟ್ ಕೇಳುವಂತೆ ಕಾನೂನು ತಿದ್ದುವುದಾಗಿ ಘೋಷಿಸಿತು. 2026ರ ಏಪ್ರಿಲ್‌ನಿಂದ ಇದಕ್ಕೆ ಅರ್ಜಿ ಹಾಕಬಹುದೆಂದು ತಿಳಿಸಿದೆ. ಈ ಏರ್ಪಾಡು ಹುಟ್ಟಿದ್ದೇ ನಿಮ್ಮಂಥವರಿಗಾಗಿ.

ಅರ್ಜಿಗೆ ಮುಂಚೆ ಕಾಗದಪತ್ರ ಕೂಡಿಸಿಕೊಳ್ಳಿ. ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ಐಎಲ್‌ಆರ್ ಸಿಕ್ಕ ದಿನಾಂಕ ತೋರಿಸುವ ಪತ್ರ ಅಥವಾ ವಾಸದ ಅನುಮತಿಯ ಹಳೆಯ ಕಾರ್ಡು, ಆ ಹತ್ತೂ ವರ್ಷಗಳ ಪತಿಯ ಪಿ60 (ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳ ಮತ್ತು ತೆರಿಗೆಯ ಪತ್ರ), ವಿಳಾಸ ತೋರಿಸುವ ಕೌನ್ಸಿಲ್ ತೆರಿಗೆಯ ಬಿಲ್ಲು, ಮಕ್ಕಳ ಶಾಲೆಯ ಪತ್ರಗಳು ಕೈಗೆ ಸಿಗುವಂತಿರಲಿ. ಇವೆಲ್ಲವನ್ನೂ ಕೇಳುತ್ತಾರೆಂದಲ್ಲ, ಆದರೆ ಪತಿ ಕಂಪನಿ ಬದಲಿಸಿದ್ದರೆ ಹಳೆಯ ಪಿ60 ಹುಡುಕುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. 2024ರ ಕೊನೆಯಲ್ಲಿ ಕಾರ್ಡುಗಳೆಲ್ಲ ಹೋಗಿ ಇ-ವೀಸಾ ಬಂದಿರುವುದರಿಂದ, ಅವಧಿ ಮುಗಿದ ಕಾರ್ಡು ಇನ್ನೇಕೆಂದು ಹಲವರು ಕತ್ತರಿಸಿ ಎಸೆದಿದ್ದಾರೆ. ನಿಮ್ಮದು ಇನ್ನೂ ಇದ್ದರೆ ಜೋಪಾನ ಮಾಡಿ.

ಇನ್ನು ಈ ವಾರದ ಕೆಲಸ. ಈಗ ಚೈಲ್ಡ್ ಬೆನಿಫಿಟ್ ಅರ್ಜಿ ಹಾಕಿದರೆ ಮೂರು ತಿಂಗಳು ಹಿಂದಿನಿಂದ ಆರಂಭವಾಗಿ, 2029ರ ನವೆಂಬರ್‌ನಲ್ಲಿ ಮಗಳಿಗೆ ಹನ್ನೆರಡು ತುಂಬುವವರೆಗೆ ಕ್ರೆಡಿಟ್ ಜಮೆಯಾಗುತ್ತದೆ. ಹೀಗೆ 2026-27, 2027-28, 2028-29 ಈ ಮೂರು ಪೂರ್ಣ ವರ್ಷಗಳು ಸಂಶಯವಿಲ್ಲದೆ ನಿಮ್ಮವಾಗುತ್ತವೆ. ಕ್ರೆಡಿಟ್ ವಾರದ ಲೆಕ್ಕದಲ್ಲಿ ಬರುವುದರಿಂದ, ತಡಮಾಡಿದ ಪ್ರತಿ ವಾರವೂ ಒಂದು ವರ್ಷವನ್ನು ಅಪೂರ್ಣ ಮಾಡಬಲ್ಲದು.

ಈ ಸಲ ‘ಹಣ ಬೇಡ’ ಚೌಕಕ್ಕೆ ಗುರುತು ಹಾಕುವ ಮುಂಚೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ನಿಮ್ಮ ಸ್ನೇಹಿತರು ಅಂದು ಹೇಳಿದ್ದು ನಿಜ, ಈಗ ಅದು ನಿಜವಲ್ಲ. 2024ರ ಏಪ್ರಿಲ್ 6ರಿಂದ ಮಿತಿಗಳು ಬದಲಾಗಿವೆ: ಶುಲ್ಕ ಶುರುವಾಗುವುದು 60,000 ಪೌಂಡ್ ದಾಟಿದ ಮೇಲೆ, ಬೆನಿಫಿಟ್ ಪೂರ್ತಿ ಹೋಗುವುದು 80,000ಕ್ಕೆ. ನಡುವೆ ಪ್ರತಿ 200 ಪೌಂಡಿಗೆ ಶೇಕಡ ಒಂದರಷ್ಟು ಶುಲ್ಕ. ನಿಮ್ಮ ಪತಿಯ ಆದಾಯ 74,000 ಎಂದರೆ ಮಿತಿಗಿಂತ 14,000 ಹೆಚ್ಚು, ಹಾಗಾಗಿ ಶೇಕಡ 70 ವಾಪಸ್ ಹೋಗುತ್ತದೆ, ಶೇಕಡ 30 ಉಳಿಯುತ್ತದೆ. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05, ಎರಡನೆಯದಕ್ಕೆ 17.25, ಒಟ್ಟು 43.30 ಪೌಂಡ್, ವರ್ಷಕ್ಕೆ ಸುಮಾರು 2,250. ಅದರಲ್ಲಿ ಸುಮಾರು 675 ಪೌಂಡ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ಮಗನಿಗೆ ಹನ್ನೆರಡು ತುಂಬಿರುವುದರಿಂದ ಅವನಿಂದ ಕ್ರೆಡಿಟ್ ಬರುವುದಿಲ್ಲ, ಆದರೆ ಹಣ ಅವನಿಗೂ ಇದೆ, ಅವನ ಹೆಸರನ್ನೂ ಸೇರಿಸಿ. ಇದಲ್ಲದೆ ಇಲ್ಲಿ ಎಣಿಸುವ ಆದಾಯ ಪತಿ ಕಂಪನಿ ಪೆನ್ಷನ್ನಿಗೆ ಕಟ್ಟುವ ಹಣವನ್ನು ಕಳೆದ ಮೇಲಿನದು. ಅವರು ಅದನ್ನು ಹೆಚ್ಚಿಸಿದಷ್ಟೂ ಶುಲ್ಕ ಇಳಿಯುತ್ತದೆ. ಶುಲ್ಕಕ್ಕಾಗಿ ಪ್ರತಿ ವರ್ಷ ತೆರಿಗೆ ರಿಟರ್ನ್ ತುಂಬಬೇಕಲ್ಲ ಎಂಬ ಹಳೆಯ ಬೇಸರಕ್ಕೂ ಪರಿಹಾರ ಬಂದಿದೆ: 2025ರಿಂದ ಸಂಬಳದ ತೆರಿಗೆ ಕೋಡ್ ಮೂಲಕವೇ ಕಟ್ಟಬಹುದು.

ಅರ್ಜಿದಾರರ ಹೆಸರಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಆಗುವ ಒಂದು ತಪ್ಪನ್ನು ಹೇಳಲೇಬೇಕು. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಇಂಥ ಅರ್ಜಿಗಳನ್ನು ತುಂಬುವುದು ಹೆಚ್ಚಾಗಿ ಗಂಡ. ಅಭ್ಯಾಸಬಲದಿಂದ ಅವರು ತಮ್ಮ ಹೆಸರು, ತಮ್ಮ ಸಂಖ್ಯೆ, ತಮ್ಮ ಬ್ಯಾಂಕ್ ಖಾತೆ ಹಾಕಿಬಿಡುತ್ತಾರೆ. ಸ್ಲೌ ಊರಿನ ದಂಪತಿಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದರು. ಮೊದಲ ಮಗು ಹುಟ್ಟಿದ ವಾರವೇ ಅರ್ಜಿ ಹಾಕಿದ್ದರು, ಚೌಕಕ್ಕೂ ಗುರುತು ಹಾಕಿದ್ದರು, ಎಲ್ಲ ಸರಿಯಾಗಿ ಮಾಡಿದ್ದೇವೆ ಎಂಬ ನೆಮ್ಮದಿಯಲ್ಲಿದ್ದರು. ಆಕೆಯ ದಾಖಲೆ ತೆರೆದರೆ ಏಳು ವರ್ಷಗಳ ಎದುರು ಒಂದರ ಕೆಳಗೊಂದು ‘ವರ್ಷ ಪೂರ್ಣವಾಗಿಲ್ಲ’ ಎಂಬ ಸಾಲು. ಗಂಡನ ದಾಖಲೆಯಲ್ಲಿ ಅದೇ ಏಳು ವರ್ಷ ಸಂಬಳದಿಂದಲೇ ತುಂಬಿದ್ದವು. ಅವರಿಗೆ ಬಂದ ಕ್ರೆಡಿಟ್ ತುಂಬಿದ ಕೊಡಕ್ಕೆ ಸುರಿದ ನೀರಿನಂತೆ ಹೊರಗೆ ಹರಿದುಹೋಗಿತ್ತು. ಅದೃಷ್ಟವಶಾತ್ ಇದಕ್ಕೆ ಮದ್ದಿದೆ: ಸಿಎಫ್411ಎ ಎಂಬ ಅರ್ಜಿಯ ಮೂಲಕ ಒಬ್ಬರ ಹೆಸರಿನ ಕ್ರೆಡಿಟ್ಟನ್ನು ಜೊತೆಗೆ ಮಗು ಸಾಕಿದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಬಹುದು. ತೆರಿಗೆ ವರ್ಷ ಮುಗಿದ ಮೇಲೆ ಆ ವರ್ಷದ್ದನ್ನು ಕೇಳಬೇಕು. ನಿಮಗೆ ಈ ಅರ್ಜಿಯ ಅಗತ್ಯವೇ ಬರದಂತೆ ಮೊದಲೇ ನಿಮ್ಮ ಹೆಸರು ಹಾಕಿ.

‘ಇನ್ನೂ ಇಪ್ಪತ್ತೈದು ವರ್ಷ ದುಡಿಯಬಹುದಲ್ಲ, ಈ ಹತ್ತು ವರ್ಷಕ್ಕೆ ಇಷ್ಟು ಒದ್ದಾಟ ಏಕೆ’ ಎಂದು ಮನೆಯಲ್ಲಿ ಯಾರಾದರೂ ಕೇಳಬಹುದು. 1978ರ ಏಪ್ರಿಲ್ 5ರ ನಂತರ ಹುಟ್ಟಿದ ನಿಮಗೆ ಇಂದಿನ ಕಾನೂನಿನ ಪ್ರಕಾರ ಪೆನ್ಷನ್ ವಯಸ್ಸು 68. ಕೊನೆಯವರೆಗೂ ಇಲ್ಲೇ ಇದ್ದು, ಪೂರ್ಣಾವಧಿ ಕೆಲಸ ಹಿಡಿದು, ಆರೋಗ್ಯವೂ ಕೈಕೊಡದಿದ್ದರೆ ಆ ಮಾತಿನಲ್ಲಿ ಅರ್ಥವಿದೆ. ಆದರೆ ಮಧ್ಯದಲ್ಲಿ ತಂದೆ ತಾಯಿಯರನ್ನು ನೋಡಿಕೊಳ್ಳಲು ದಾವಣಗೆರೆಗೆ ಹಿಂದಿರುಗುವ ಪ್ರಸಂಗ ಬಂದರೆ? ಭಾರತದ ಇಪಿಎಫ್ ವರ್ಷಗಳನ್ನು ಬ್ರಿಟನ್ನಿನ ಲೆಕ್ಕಕ್ಕೆ ಕೂಡಿಸಿಕೊಳ್ಳಲು ಬರುವುದಿಲ್ಲ. ಹತ್ತು ವರ್ಷ ತುಂಬದೆ ಹೊರಟರೆ ಹದಿನೈದು ವರ್ಷದ ಇಲ್ಲಿನ ವಾಸಕ್ಕೆ ಪ್ರತಿಯಾಗಿ ಕೈಗೆ ಬರುವ ಪೆನ್ಷನ್ ಸೊನ್ನೆ. ಹಿಂದಿನ ಹತ್ತು ವರ್ಷಗಳ ಕ್ರೆಡಿಟ್ ಸಿಕ್ಕಿತೆಂದರೆ ನೀವು ಆ ಹೊಸ್ತಿಲನ್ನು ಒಂದೇ ಹೆಜ್ಜೆಗೆ ದಾಟುತ್ತೀರಿ: 2025-26ರ ದರದಲ್ಲಿ ವಾರಕ್ಕೆ 65.79 ಪೌಂಡ್, ವರ್ಷಕ್ಕೆ ಸುಮಾರು 3,420. ಮಗಳ ಮುಂದಿನ ಮೂರು ವರ್ಷ ಕೂಡಿದರೆ ವಾರಕ್ಕೆ 85.52. ಭಾರತದಲ್ಲಿ ಕೂತೂ ಇದನ್ನು ಪಡೆಯಬಹುದು, ಆದರೆ ಇಲ್ಲಿದ್ದವರಿಗೆ ಪ್ರತಿ ಏಪ್ರಿಲ್‌ನಲ್ಲಿ ಆಗುವ ಏರಿಕೆ ಭಾರತದಲ್ಲಿ ನೆಲೆಸಿದವರಿಗೆ ಇಲ್ಲ. ಮೊದಲು ಸಿಕ್ಕ ಮೊತ್ತವೇ ಅಲ್ಲಿರುವಷ್ಟು ಕಾಲವೂ ಮುಂದುವರಿಯುತ್ತದೆ. ಇನ್ನೊಂದು ಮಾತು: ಹಳೆಯ ಪದ್ಧತಿಯಲ್ಲಿ ಹೆಂಡತಿಗೆ ಗಂಡನ ವಂತಿಗೆಯ ಆಧಾರದ ಮೇಲೆ ಒಂದಷ್ಟು ಪೆನ್ಷನ್ ಸಿಗುತ್ತಿತ್ತು. ಹೊಸ ಪೆನ್ಷನ್ ಸ್ವಂತ ದಾಖಲೆಯ ಮೇಲೆಯೇ ನಿಂತಿದೆ. ಪತಿಯ ಹೆಸರಿನಲ್ಲಿ ಎಷ್ಟೇ ವರ್ಷಗಳಿರಲಿ, ಅವು ನಿಮ್ಮವಲ್ಲ.

ವರ್ಷಗಳನ್ನು ಹಣ ಕೊಟ್ಟು ಕೊಳ್ಳುವ ಆಲೋಚನೆಯನ್ನು ಸದ್ಯಕ್ಕೆ ಬಿಡಿ. ಸ್ವಯಂಪ್ರೇರಿತ ಮೂರನೆಯ ದರ್ಜೆಯ ವಂತಿಗೆ 2025-26ರಲ್ಲಿ ವಾರಕ್ಕೆ 17.75 ಪೌಂಡ್, ಇಡೀ ವರ್ಷಕ್ಕೆ 923. ಉಚಿತವಾಗಿ ಬರಬೇಕಾದ ವರ್ಷಕ್ಕೆ ಇಷ್ಟು ಕಟ್ಟಿದ ಮೇಲೆ ಅದನ್ನು ವಾಪಸ್ ಪಡೆಯುವುದು ಸುಲಭವಲ್ಲ. 2006ರಷ್ಟು ಹಿಂದಿನ ವರ್ಷಗಳನ್ನು ಕೊಳ್ಳುವ ವಿಶೇಷ ಅವಕಾಶ 2025ರ ಏಪ್ರಿಲ್ 5ಕ್ಕೆ ಮುಗಿದಿದೆ, ಹಾಗಾಗಿ 2010-15ರ ವರ್ಷಗಳು ಹೇಗೂ ಕೈಗೆಟಕುವುದಿಲ್ಲ. ಈಗ ಆರು ವರ್ಷದಷ್ಟು ಹಿಂದಕ್ಕೆ ಮಾತ್ರ ಹೋಗಬಹುದು, ಮತ್ತು ಆ ಆರು ವರ್ಷಗಳೂ ನಿಮಗೆ ಕ್ರೆಡಿಟ್‌ನಿಂದಲೇ ತುಂಬಬೇಕಾದವು. ಎಲ್ಲ ಇತ್ಯರ್ಥವಾದ ಮೇಲೆ 2025-26ರಲ್ಲಿ ಕೆಲವು ವಾರಗಳ ಕೊರತೆ ಉಳಿದರೆ ಆ ವಾರಗಳಿಗಷ್ಟೇ ಕಟ್ಟಿ ವರ್ಷವನ್ನು ಪೂರ್ಣ ಮಾಡಿಕೊಳ್ಳಿ. ಅದು ಲಾಭದ ವ್ಯವಹಾರ.

ನಿಮ್ಮ ಶಾಲೆಯ ಕೆಲಸದ ಬಗ್ಗೆಯೂ ಒಂದು ವಿಷಯ ಗಮನಿಸಿ. ವಂತಿಗೆ ಕಡಿತ ಶುರುವಾಗುವುದು ವರ್ಷಕ್ಕೆ 12,570 ಪೌಂಡ್ ದಾಟಿದ ಮೇಲೆ. ಆದರೆ ಒಂದೇ ಕೆಲಸದಿಂದ ತಿಂಗಳಿಗೆ 542 ಪೌಂಡ್, ವರ್ಷಕ್ಕೆ 6,500 ಬಂದರೂ ಸಾಕು, ಏನೂ ಕಟ್ಟದೆಯೇ ಆ ವರ್ಷ ಅರ್ಹವಾಗುತ್ತದೆ. ಇದು 2025-26ರ ಮಿತಿ. ನೀವು 5,000ದಲ್ಲಿ ನಿಂತಿರುವುದರಿಂದ ಆ ಗೆರೆಯ ಕೆಳಗೇ ಉಳಿದಿದ್ದೀರಿ. ಮಗಳಿಗೆ ಹನ್ನೆರಡು ತುಂಬುವವರೆಗೆ ಇದರ ಚಿಂತೆಯಿಲ್ಲ, ಕ್ರೆಡಿಟ್ ಕಾಯುತ್ತದೆ. 2029ರ ನಂತರ ವಾರಕ್ಕೆ ಇನ್ನೂ ಎರಡು ಮೂರು ಗಂಟೆಯ ಕೆಲಸ ಹೆಚ್ಚಿಸಿಕೊಂಡು ಗೆರೆ ದಾಟುವುದು ನಿಮಗೆ ಬಹಳ ಲಾಭ ತರುತ್ತದೆ.

ಅತ್ತೆಯವರ ಆರು ತಿಂಗಳಿಗೆ ಲೆಕ್ಕ ಸಿಗುವುದಿಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರಿಗೆ 2011ರಿಂದ ಇಂಥ ಕ್ರೆಡಿಟ್ ಇರುವುದು ನಿಜ, ಆದರೆ ಅದು ಪೆನ್ಷನ್ ವಯಸ್ಸು ಆಗಿರದ, ಬ್ರಿಟನ್ನಿನಲ್ಲೇ ನೆಲೆಸಿದವರಿಗೆ. ಸಂದರ್ಶಕ ವೀಸಾದ ಮೇಲೆ ಬಂದು ಬಾಣಂತನ ಮಾಡಿ ಹೋದವರಿಗೆ ಅಲ್ಲ.

ಇನ್ನು ಆ ಹಿರಿಯರಿಗೆ ಬಂದ ಪತ್ರ. ಅದು ಬಹುಮಟ್ಟಿಗೆ ಬೇರೆ ಕಾಲದ, ಬೇರೆ ತಪ್ಪಿನ ಕಥೆ. 1978ರಿಂದ 2010ರವರೆಗೆ ಮಕ್ಕಳನ್ನು ಬೆಳೆಸುವವರಿಗೆ ‘ಹೋಂ ರೆಸ್ಪಾನ್ಸಿಬಿಲಿಟೀಸ್ ಪ್ರೊಟೆಕ್ಷನ್’ ಎಂಬ ರಕ್ಷಣೆ ಇತ್ತು, ಅದೂ ಚೈಲ್ಡ್ ಬೆನಿಫಿಟ್ ಮೂಲಕವೇ ಬರುತ್ತಿತ್ತು, ಮಗುವಿಗೆ ಹದಿನಾರು ಆಗುವವರೆಗೆ. 2000ದ ಮೇ ತಿಂಗಳಿಗೆ ಮುಂಚೆ ಬೆನಿಫಿಟ್ ಅರ್ಜಿಯಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕಡ್ಡಾಯವಾಗಿರಲಿಲ್ಲವಾದ್ದರಿಂದ, ಬೆನಿಫಿಟ್ ಪಡೆದಿದ್ದರೂ ಎಷ್ಟೋ ತಾಯಂದಿರ ಪೆನ್ಷನ್ ದಾಖಲೆಗೆ ಅದು ತಲುಪಲೇ ಇಲ್ಲ. 2023ರಲ್ಲಿ ಎಚ್‌ಎಂಆರ್‌ಸಿ ಅಂಥವರಿಗೆ ಪತ್ರ ಬರೆಯಲು ಶುರುಮಾಡಿತು. ನಮ್ಮ ಮೈಸೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಓದಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ ಸೇರಿದ ವೈದ್ಯರ ಮಡದಿಯರಲ್ಲಿ ಈ ಗುಂಪಿಗೆ ಸೇರಬಹುದಾದವರು ಇದ್ದಾರೆ. ನಿಮಗೆ ಇದು ಅನ್ವಯಿಸುವುದಿಲ್ಲ. ಆದರೆ ಆ ಹಿರಿಯರು ಪತ್ರವನ್ನು ಮೋಸದ ಕಾಗದವೆಂದು ಬದಿಗಿಟ್ಟಿದ್ದರೆ, ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ, ಸರ್ಕಾರದ ಜಾಲತಾಣದಲ್ಲೇ ಸಿಎಫ್411 ಅರ್ಜಿಯನ್ನು ಅವರ ಜೊತೆ ಕೂತು ತುಂಬಿಸಿ. ತಾಯಿ ತೀರಿಕೊಂಡಿದ್ದರೆ ಅವರ ಮಕ್ಕಳೂ ಈ ಬಾಕಿಯನ್ನು ಕೇಳಬಹುದು ಎಂಬುದನ್ನು ಪರಿಚಯದ ಮನೆಗಳಿಗೆ ತಿಳಿಸಿ.